ನಮ್ಮ ಮನೆಯ ವೈಫೈಗೆ ನಾನು ಹಾಕಿದ ಬೀಗ

ಮೂವತ್ತೊಂದು ವರ್ಷ ನಾನು ಭದ್ರಾವತಿಯ ಒಂದು ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದೆ. ಕುಲುಮೆಯ ಶಾಖ ಎಷ್ಟು, ಕೊಳವೆಯೊಳಗೆ ಒತ್ತಡ ಎಷ್ಟು ಎಂದು ತೋರಿಸುವ ಮೀಟರುಗಳು ಕೆಟ್ಟರೆ ಸರಿಮಾಡುವುದು ನಮ್ಮ ಕೆಲಸ. ಕರೆ ಬಂದ ಕಡೆ ಹೋದ ಕೂಡಲೇ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, “ಯಾರು ಏನು ಮುಟ್ಟಿದ್ರಿ?” ಎಲ್ಲರದೂ ಒಂದೇ ಉತ್ತರ: “ಏನೂ ಮುಟ್ಟಿಲ್ಲ ಸಾರ್.” ನಾನು ಮೀಸೆಯಡಿಯಲ್ಲೇ ನಗುತ್ತಿದ್ದೆ. ಮನುಷ್ಯರು ಮುಟ್ಟದೆ ಯಂತ್ರಗಳು ಅಷ್ಟು ಸುಲಭವಾಗಿ ಕೆಡುವುದಿಲ್ಲ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದೆ.

ನಿವೃತ್ತನಾಗಿ ಶಿವಮೊಗ್ಗದ ವಿನೋಬನಗರದ ಮನೆಗೆ ಬಂದು ಕೂತ ಮೇಲೆ ಕೆಡುವಂಥ ಸಾಮಾನು ಮನೆಯಲ್ಲಿ ಹೆಚ್ಚೇನೂ ಇರಲಿಲ್ಲ. ಹಾಗಾಗಿ ಸರಿಯಿದ್ದದ್ದನ್ನು ಸರಿಮಾಡತೊಡಗಿದೆ.

ನಮ್ಮ ಲ್ಯಾಪ್‌ಟಾಪಿನ ಪರಿಚಯ ಮೊದಲು ಮಾಡಿಕೊಡಬೇಕು. ನಾನು ನಿವೃತ್ತನಾಗುವ ವರ್ಷ ಕಾರ್ಖಾನೆಯವರು ಹಳೆಯ ಕಂಪ್ಯೂಟರುಗಳನ್ನೆಲ್ಲ ತೆಗೆದುಹಾಕಿದರು. ಬೇಕಾದವರು ಒಯ್ಯಬಹುದು ಎಂದಾಗ ರಾಶಿಯಲ್ಲಿ ಒಂದನ್ನು ಆರಿಸಿಕೊಂಡೆ. ಅದು ಯಾವ ವಿಭಾಗದಲ್ಲಿ ದುಡಿದು ಬಂದದ್ದೋ ಕೇಳಲಿಲ್ಲ. ಬೆನ್ನಿನ ಮೇಲೆ ಹಳದಿ ಬಣ್ಣದಲ್ಲಿ ಏನೋ ಬರೆದಿತ್ತು, ಥಿನ್ನರ್ ಹಾಕಿ ಒರೆಸಿಬಿಟ್ಟೆ. ತೂಕ ಮಾತ್ರ ಅರೆಯುವ ಕಲ್ಲಿನಷ್ಟು. ಶುರುಮಾಡಿದರೆ ಒಳಗಿನ ಫ್ಯಾನು ಏದುಸಿರು ಬಿಡುತ್ತಿತ್ತು. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದ್ದರಿಂದ ವೈರು ಕಿತ್ತರೆ ಪಟ್ಟನೆ ಆರಿಹೋಗುತ್ತಿತ್ತು. ಆದರೂ ಕೆಲಸ ಮಾಡುತ್ತಿತ್ತು, ಮತ್ತು ಆ ಕೆಲಸ ನನ್ನ ಹೆಂಡತಿಯದು.

ಅವಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ನಾವು ಭದ್ರಾವತಿಯ ಕ್ವಾರ್ಟರ್ಸಿನಲ್ಲಿದ್ದಾಗ ಸುತ್ತಮುತ್ತಲಿನ ಹಲವು ಹೆಂಗಸರ ಮನೆಮಾತು ತಮಿಳು ಅಥವಾ ತೆಲುಗು. ಕನ್ನಡವನ್ನು ಸರಾಗವಾಗಿ ಮಾತಾಡುತ್ತಿದ್ದರು, ಓದಲು ಮಾತ್ರ ಬಾರದು. ಅವರಲ್ಲಿ ಐದು ಜನ ಸೇರಿ, ನಮಗೂ ಅಕ್ಷರ ಹೇಳಿಕೊಡಿ ಟೀಚರ್ ಎಂದು ಕೇಳಿದ್ದರು. ನಾವು ಶಿವಮೊಗ್ಗಕ್ಕೆ ಬಂದ ಮೇಲೂ ಮೊದಮೊದಲು ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬರುತ್ತಿದ್ದಳು. ಮಂಡಿ ನೋವು ಶುರುವಾದ ಮೇಲೆ ದಿನಾ ಸಂಜೆ ನಾಲ್ಕಕ್ಕೆ ವಿಡಿಯೋದಲ್ಲೇ ಪಾಠ. ಇವಳು ಇಲ್ಲಿ ಸ್ಲೇಟು ಹಿಡಿದು ಅಕ್ಷರ ತೋರಿಸಿದರೆ ಅವರು ಅಲ್ಲಿ ಬರೆದು ತಮ್ಮ ತಮ್ಮ ಫೋನಿನ ಮುಂದೆ ಹಿಡಿಯಬೇಕು. ಐದು ಜನರ ಬರಹ ಫೋನಿನ ಪರದೆಯಲ್ಲಿ ಸಾಸಿವೆ ಕಾಳಿನಂತೆ ಕಾಣುತ್ತದೆಂದು ಅವಳಿಗೆ ಲ್ಯಾಪ್‌ಟಾಪೇ ಬೇಕು.

ಆ ಹೊತ್ತಿಗೆ ನಾನು ಹಾಲಿನಲ್ಲಿ ಕೂತು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದೆ. ಯಾವುದೋ ದೇಶದಲ್ಲಿ ಯಾರೋ ಕಬ್ಬಿಣ ಕಡೆಯುವ, ತುಕ್ಕು ಹಿಡಿದ ಲೇತ್ ಯಂತ್ರವನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ವಿಡಿಯೋಗಳು. ಇತ್ತೀಚೆಗೆ ಅವು ನಿಂತು ನಿಂತು ಓಡುತ್ತಿದ್ದವು. ಲೇತಿನ ಕೊನೆಯ ಬೋಲ್ಟು ಬಿಚ್ಚುವ ಹೊತ್ತಿಗೆ ಸರಿಯಾಗಿ ಪರದೆಯ ಮಧ್ಯೆ ಚಕ್ರ ತಿರುಗುವುದು. ಒಂದು ವಾರ ಗಮನಿಸಿದೆ. ಹೆಚ್ಚುಕಡಿಮೆ ನಾಲ್ಕು ಗಂಟೆಯಿಂದ ಐದರ ತನಕ ಈ ಕಾಟ. ಯಾಕೆ ನಾಲ್ಕಕ್ಕೇ? ಅದೇ ಹೊತ್ತಿಗೆ ಒಳಕೋಣೆಯಲ್ಲಿ ಐದು ಜನರ ಮುಖ ತುಂಬಿಕೊಂಡು ಹೆಂಡತಿಯ ಪಾಠ ನಡೆಯುತ್ತಿತ್ತು ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನನ್ನ ದೃಷ್ಟಿ ಮಹಡಿಯ ಕಡೆಗೆ ಹೋಯಿತು.

ಮಹಡಿಯ ಮನೆಗೆ ಬಾಡಿಗೆಗೆ ಬಂದು ಎಂಟು ತಿಂಗಳಾಗಿದ್ದ ಹೆಂಗಸು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಸ್ಟೋರ್‌ಕೀಪರ್. ನಲವತ್ತರ ಆಸುಪಾಸು, ಒಬ್ಬರೇ ಇರುತ್ತಿದ್ದರು. ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸು ಹತ್ತಿದರೆ ಮಧ್ಯಾಹ್ನ ಮೂರಕ್ಕೆ ಮನೆ. ಮಾತು ಕಡಿಮೆ. ಎದುರಾದರೆ “ಊಟ ಆಯ್ತಾ ಅಂಕಲ್” ಎಂದು ಕೇಳಿ ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿಬಿಡುತ್ತಿದ್ದರು. ಮೂರಕ್ಕೆ ಮನೆಗೆ ಬರುತ್ತಾರೆ, ನಾಲ್ಕಕ್ಕೆ ನನ್ನ ನೆಟ್ಟು ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಇಷ್ಟು ಸಾಕ್ಷ್ಯ ಇಟ್ಟುಕೊಂಡು ಯಾರಾದರೂ ಒಂದು ವಾಲ್ವನ್ನು ದೂರಿದ್ದರೆ ನಾನು ಅವರನ್ನು ಆಚೆಗೆ ಕಳಿಸುತ್ತಿದ್ದೆ. ಮನುಷ್ಯರ ವಿಷಯದಲ್ಲಿ ನನಗೆ ಇಷ್ಟೇ ಸಾಕಾಯಿತು.

ವೈಫೈ ಪೆಟ್ಟಿಗೆ ಹಾಕಿಕೊಟ್ಟವನು ಹೋಗುವಾಗ, ಫೋನಿನಲ್ಲೇ ಅದರ ಸೆಟ್ಟಿಂಗ್ ತೆರೆದು ಯಾರ‍್ಯಾರು ಸೇರಿಕೊಂಡಿದ್ದಾರೆಂದು ನೋಡಬಹುದು ಎಂದು ಹೇಳಿಹೋಗಿದ್ದ. ಒಂದು ಸೋಮವಾರ ನಾಲ್ಕೂಕಾಲಕ್ಕೆ ಆ ಪಟ್ಟಿ ತೆರೆದೆ. ನನ್ನ ಫೋನು, ಹೆಂಡತಿಯ ಫೋನು, ಟಿವಿ. ನಾಲ್ಕನೆಯದರ ಹೆಸರು ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. “ಸ್ಟೋರ್ಸ್-7” ಎಂದಿತ್ತು. ಸ್ಟೋರ್‌ಕೀಪರ್ ಕಂಪ್ಯೂಟರಿನ ಹೆಸರು ಸ್ಟೋರ್ಸ್ ಅಲ್ಲದೆ ಇನ್ನೇನಿರುತ್ತದೆ? ಇಷ್ಟು ಬೇಗ ಕಳ್ಳತನ ಪತ್ತೆಯಾಯಿತಲ್ಲ ಎಂದು ಸಂತೋಷವೇ ಆಯಿತು.

ಹೆಸರಿನ ಪಕ್ಕದಲ್ಲೇ “ಬ್ಲಾಕ್” ಎಂಬ ಗುಂಡಿ ಇತ್ತು. ಒತ್ತಿದೆ.

ಒಳಗಿನಿಂದ ಹೆಂಡತಿ ಕೂಗಿದಳು, “ರೀ, ನೆಟ್ ಹೋಯ್ತು ನೋಡಿ.”

“ಸ್ವಲ್ಪ ಇರು. ಕಳ್ಳರನ್ನ ಹೊರಗೆ ಹಾಕ್ತಿದೀನಿ,” ಎಂದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಾಡುವ ಕೆಲಸ ಭದ್ರವಾಗಿರಬೇಕೆಂಬುದು ನನ್ನ ಹಳೆಯ ರೋಗ. ಸೆಕ್ಯುರಿಟಿ ಎಂಬ ಪುಟ ತೆರೆದೆ. ಇಂಗ್ಲಿಷಿನ ಮೂರಕ್ಷರದ ಮುಂದೆ ಎರಡು ಎಂದು ಒಂದು ಬಗೆ, ಅದೇ ಅಕ್ಷರಗಳ ಮುಂದೆ ಮೂರು ಎಂದು ಇನ್ನೊಂದು ಬಗೆ ಇತ್ತು. ಅಲ್ಲಿಯ ತನಕ ಎರಡರಲ್ಲಿತ್ತು. ಎರಡಕ್ಕಿಂತ ಮೂರು ದೊಡ್ಡದು ಎಂಬ ಗಣಿತವಷ್ಟನ್ನೇ ನಂಬಿ ಮೂರಕ್ಕೆ ಬದಲಾಯಿಸಿದೆ. ಆಮೇಲೆ ಪಾಸ್‌ವರ್ಡು. ಎಂಟಕ್ಷರಕ್ಕಿಂತ ಕಡಿಮೆ ಇರಕೂಡದು ಎಂದಿತು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಕನ್ನಡ ಪದ ಹೊಡೆದೆ: ಮಹಡಿಕಳ್ಳಿ. ಯಾರಿಗೂ ಊಹಿಸಲಾಗದ, ನಾನು ಮರೆಯಲಾಗದ ಪದ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ನನ್ನ ಫೋನಿಗೆ, ಹೆಂಡತಿಯ ಫೋನಿಗೆ, ಟಿವಿಗೆ ನಾನೇ ಕೂತು ಅದನ್ನು ಹಾಕಿದೆ. ಏನು ಪಾಸ್‌ವರ್ಡು ಎಂದು ಅವಳು ಕೇಳಿದಾಗ, “ಅದೆಲ್ಲ ಬಾಯಲ್ಲಿ ಹೇಳಬಾರದು,” ಎಂದೆ. ಸತ್ಯವನ್ನೇ ಹೇಳಿದ್ದೆ.

ಮೂರೂ ಸೇರಿಕೊಂಡವು. ಲ್ಯಾಪ್‌ಟಾಪ್ ಸೇರಿಕೊಳ್ಳಲಿಲ್ಲ.

ಪಾಸ್‌ವರ್ಡ್ ಹೊಡೆದರೆ ಒಂದು ನಿಮಿಷ ಯೋಚಿಸಿ, ಸಂಪರ್ಕ ಸಾಧ್ಯವಿಲ್ಲ ಎನ್ನುತ್ತಿತ್ತು. ಮತ್ತೆ ಹೊಡೆದೆ. ನಿಧಾನವಾಗಿ ಹೊಡೆದೆ. ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು ಹೊಡೆಯಲು ಹೋಗಿ, ಬಾಗಿಲ ಬಳಿ ಹೆಂಡತಿ ನಿಂತಿದ್ದಾಳೆಂದು ನೆನಪಾಗಿ ಬಾಯಿ ಮುಚ್ಚಿದೆ. ಅವಳ ಐದು ಶಿಷ್ಯೆಯರು ಅಷ್ಟು ಹೊತ್ತಿಗೆ ಅವರವರ ಅಡುಗೆಮನೆಗೆ ಹೋಗಿಯಾಗಿತ್ತು.

ಮರುದಿನವಿಡೀ ಅದರ ಮುಂದೆ ಕೂತೆ. ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ. ವೈಫೈ ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆ. ಎರಡನ್ನೂ ಆರಿಸಿ, ಅದಕ್ಕೂ ಇದಕ್ಕೂ ಹತ್ತು ನಿಮಿಷ ವಿಶ್ರಾಂತಿ ಕೊಟ್ಟು ಹಚ್ಚಿದೆ. ಲ್ಯಾಪ್‌ಟಾಪಿನ ಬಲಬದಿಯಲ್ಲಿ ವೈಫೈಗೆಂದೇ ಒಂದು ಸಣ್ಣ ಸ್ವಿಚ್ಚು ಇರುವುದನ್ನು ಕಂಡುಹಿಡಿದು, ಸಿಕ್ಕಿತು ಎಂದು ಜಾರಿಸಿದೆ. ಆಗ ಪಟ್ಟಿಯಲ್ಲಿ ಕಾಣುತ್ತಿದ್ದ ನಮ್ಮ ಮನೆಯ ಹೆಸರೂ ಮಾಯವಾಯಿತು. ಮತ್ತೆ ಜಾರಿಸಿದೆ. ತಳದ ಸ್ಕ್ರೂ ಬಿಚ್ಚಿ, ಒಳಗಿನ ವೈಫೈ ಕಾರ್ಡನ್ನು ಕಿತ್ತು, ಅದರ ಕಾಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಕಾರ್ಖಾನೆಯಲ್ಲಿ ಎಷ್ಟೋ ಸಲ ಕೈಹಿಡಿದ ಚಿಕಿತ್ಸೆ ಅದು. ಇಲ್ಲಿ ಒಂದು ಸ್ಕ್ರೂ ಉಳಿಯಿತು, ಅಷ್ಟೇ.

ನಾಲ್ಕು ಗಂಟೆಗೆ ಹೆಂಡತಿ ಫೋನಿನಲ್ಲೇ ಪಾಠ ಮಾಡಲು ನೋಡಿದಳು. ಒತ್ತಕ್ಷರ ನಡೆಯುತ್ತಿತ್ತು. ‘ಅಕ್ಕ’ ಎಂದು ಬರೆದವರು ಯಾರು, ‘ಅಕ’ ಎಂದು ಬರೆದವರು ಯಾರು ಎಂದು ಅವಳಿಗೆ ಕಾಣಲಿಲ್ಲ. ಕನ್ನಡಕ ಹಾಕಿದಳು, ತೆಗೆದಳು. ಕಾಲು ಗಂಟೆಯಲ್ಲಿ ಮುಗಿಸಿ ಎದ್ದು ಬಂದಳು.

“ನಿನ್ನೆ ತನಕ ಚೆನ್ನಾಗಿತ್ತಲ್ಲ. ನೀವು ಏನು ಮಾಡಿದ್ರಿ?”

“ನಾನೇನು ಮಾಡ್ಲಿ? ವಯಸ್ಸಾಗಿದೆ ಅದಕ್ಕೆ,” ಎಂದೆ.

ಬುಧವಾರ ಬೆಳಗ್ಗೆ ಲ್ಯಾಪ್‌ಟಾಪನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಅಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಒಬ್ಬ ಸಹೋದ್ಯೋಗಿ ಸ್ವಯಂ ನಿವೃತ್ತಿ ಪಡೆದು ರಿಪೇರಿ ಅಂಗಡಿ ಇಟ್ಟಿದ್ದಾನೆ. ಮಿಕ್ಸಿಯಿಂದ ಲ್ಯಾಪ್‌ಟಾಪಿನ ತನಕ ಎಲ್ಲ ನೋಡುತ್ತಾನೆ. ಅವನ ಹೆಂಡತಿ ನನ್ನ ಹೆಂಡತಿಯ ಐವರು ಶಿಷ್ಯೆಯರಲ್ಲಿ ಒಬ್ಬಳು. ಬಸ್ಸು ಮಾಚೇನಹಳ್ಳಿಯ ಫೌಂಡ್ರಿಗಳನ್ನು ದಾಟುವಾಗ ಕಿಟಕಿಯಿಂದ ನೋಡಿದೆ. ಈಗ ಅಲ್ಲಿ ಕೂತು ಕೆಲಸ ಮಾಡುತ್ತಿರುವ ಒಬ್ಬರಿಗೆ ಮಧ್ಯಾಹ್ನ ಮನೆಗೆ ಬಂದರೆ ನೆಟ್ಟಿಲ್ಲ ಎಂದುಕೊಂಡೆ. ಅಷ್ಟು ಸಣ್ಣ ಬುದ್ಧಿ ಅಷ್ಟು ದೊಡ್ಡ ಸಮಾಧಾನ ಕೊಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಅವನು ಲ್ಯಾಪ್‌ಟಾಪನ್ನು ಹಚ್ಚಿ, ತನ್ನ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿದ. ಎರಡೇ ನಿಮಿಷದಲ್ಲಿ ನೆಟ್ಟು ಬಂತು. ಒಂದು ವಿಡಿಯೋ ಹಾಕಿ ತೋರಿಸಿದ, ನೀರಿನ ಹಾಗೆ ಓಡಿತು.

“ಇದು ಸರಿ ಇದೆ ಸಾರ್. ನಿಮ್ಮನೆ ಸರಿ ಇಲ್ಲ.”

“ಮನೇಲಿ ಬೇರೆ ಎಲ್ಲಕ್ಕೂ ಬರ್ತಿದೆ ಮಾರಾಯ.”

“ಹಂಗಾದ್ರೆ ಅಲ್ಲಿ ಸೆಟ್ಟಿಂಗಲ್ಲಿ ಏನೋ ಆಗಿದೆ. ಏನಾದ್ರೂ ಮುಟ್ಟಿದ್ರಾ ಸಾರ್?”

“ಏನೂ ಮುಟ್ಟಿಲ್ಲ,” ಎಂದೆ.

ಹೇಳಿದ ಮೇಲೆ ಅವನ ಮುಖ ನೋಡಿದೆ. ಅವನು ತಲೆ ತಗ್ಗಿಸಿ, ನಾನು ಉಳಿಸಿಕೊಂಡಿದ್ದ ಸ್ಕ್ರೂವನ್ನು ತಳಕ್ಕೆ ಹಾಕುತ್ತಿದ್ದ. ಮೀಸೆಯಿಲ್ಲದಿದ್ದರೂ ಅವನು ಅದರಡಿಯಲ್ಲೇ ನಗುತ್ತಿದ್ದಾನೆ ಎನಿಸಿತು. ಆ ನಗು ಕಲಿಸಿದವನು ನಾನೇ. ಪಾಸ್‌ವರ್ಡ್ ಬದಲಾಯಿಸಿದ್ದು, ಎರಡನ್ನು ಮೂರು ಮಾಡಿದ್ದು ಎಲ್ಲ ಹೇಳಿಬಿಡಬಹುದಿತ್ತು. ಆದರೆ ಯಾಕೆ ಬದಲಾಯಿಸಿದ್ರಿ ಎಂದು ಕೇಳುತ್ತಾನೆ, ಆಮೇಲೆ ಪಾಸ್‌ವರ್ಡ್ ಏನು ಎಂದು ಕೇಳುತ್ತಾನೆ. 

ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಅವನ ಹೆಂಡತಿ ಟೀ ತಂದಳು.

“ಟೀಚರ್‌ಗೆ ಹುಷಾರಿಲ್ವಾ ಸಾರ್? ಎರಡು ದಿನ ಆಯ್ತು ಪಾಠ ಸರಿಯಾಗಿ ಇಲ್ಲ. ಒತ್ತಕ್ಷರ ಅರ್ಧದಲ್ಲಿ ನಿಂತೋಯ್ತು.”

“ಲ್ಯಾಪ್‌ಟಾಪ್ ಕೆಟ್ಟಿದೆಯಮ್ಮ. ಅದಕ್ಕೇ ತಂದೆ.”

“ಬೇಗ ಮಾಡ್ಕೊಡಿ ಇವರಿಗೆ,” ಎಂದು ಗಂಡನಿಗೆ ಹೇಳಿ ನನ್ನ ಕಡೆ ತಿರುಗಿದಳು. “ನಮ್ಮ ಮನೆ ಪತ್ರ ನನ್ನ ಹೆಸರಲ್ಲಿದೆ ಸಾರ್. ಮೂವತ್ತು ವರ್ಷ ಆಯ್ತು, ಎಲ್ಲಿ ಸೈನ್ ಹಾಕು ಅಂದ್ರೆ ಅಲ್ಲಿ ಹಾಕಿದೀನಿ. ಅದರಲ್ಲಿ ಏನಿದೆ ಅಂತ ಒಂದ್ಸಲ ನಾನೇ ಓದ್ಬೇಕು. ಒತ್ತಕ್ಷರ ಬಂದ್ರೆ ಆಗುತ್ತೆ ಅಂದಿದಾರೆ ಟೀಚರ್.”

ಟೀ ಲೋಟ ಕೆಳಗಿಟ್ಟು ಎದ್ದೆ. ಚೀಲ ಹೊತ್ತುಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸಾದೆ. ಮನೆಗೆ ಬಂದು ಹಚ್ಚಿದರೆ ಮತ್ತೆ ಅದೇ ಮಾತು: ಸಂಪರ್ಕ ಸಾಧ್ಯವಿಲ್ಲ.

ನಾಲ್ಕು ಗಂಟೆಗೆ ಹೆಂಡತಿ ಮನೆಯಲ್ಲಿ ಕಾಣಲಿಲ್ಲ. ಸ್ಲೇಟೂ ಲ್ಯಾಪ್‌ಟಾಪೂ ಇರಲಿಲ್ಲ. ಅಂಗಳಕ್ಕೆ ಬಂದು ನೋಡುವಾಗ ಮೇಲಿನಿಂದ ಅವಳ ದನಿ ಕೇಳಿತು. “ಮ ಕೆಳಗೆ ಮ. ಅಮ್ಮ. ಈಗ ಎಲ್ಲರೂ ಬರೆದು ತೋರ್ಸಿ.” ಮಂಡಿ ನೋವಿನವಳು ಹದಿನೆಂಟು ಮೆಟ್ಟಿಲು ಹತ್ತಿಹೋಗಿದ್ದಳು. ಆಮೇಲೆ ಕೇಳಿದ್ದು ಇನ್ನೂ ಸ್ಪಷ್ಟವಾಗಿ ಕೇಳಿತು. ಮಹಡಿಯವರು ಹೇಳುತ್ತಿದ್ದರು, “ಆಂಟಿ, ಆರಾಮಾಗಿ ಮಾಡಿ. ನನ್ನ ಫೋನಿಂದು ಡೇಟಾ ದಿನಾ ಅರ್ಧಕ್ಕರ್ಧ ಉಳಿಯುತ್ತೆ. ಮನೇಲಿ ನಾನು ನೆಟ್ ಬಳಸೋದೇ ಕಮ್ಮಿ.”

ನಾನು ತೊಟ್ಟಿಯ ಪಕ್ಕ ನಿಂತುಬಿಟ್ಟೆ. ಅವರಿಗೆ ನನ್ನ ವೈಫೈ ಬೇಕೇ ಇರಲಿಲ್ಲ ಎನ್ನುವುದು ಅರ್ಥವಾಯಿತು. ಹಾಗಾದರೆ ಸ್ಟೋರ್ಸ್ ಯಾರು ಎಂಬ ಪ್ರಶ್ನೆ ಆಗಲೂ ನನಗೆ ಏಳಲಿಲ್ಲ. ಇನ್ಯಾರೋ ಕಳ್ಳ ಇರಬೇಕು, ಬಹುಶಃ ಪಕ್ಕದ ಮನೆಯವನು ಎಂದು ಯೋಚಿಸುತ್ತಿದ್ದೆ.

ಪಾಠ ಮುಗಿಸಿ ಹೆಂಡತಿ ಇಳಿದು ಬಂದಾಗ ಅವಳ ಹಿಂದೆಯೇ ಲ್ಯಾಪ್‌ಟಾಪ್ ಹಿಡಿದುಕೊಂಡು ಮಹಡಿಯವರೂ ಬಂದರು. “ಅಂಕಲ್, ಆಂಟಿ ಹೇಳಿದ್ರು. ನಾನೊಂದ್ಸಲ ನೋಡ್ಲಾ?” ಎಂದರು. ಬೇಡ ಎನ್ನುವ ಮೊದಲೇ ಹೆಂಡತಿ ಕುರ್ಚಿ ಎಳೆದು ಹಾಕಿದ್ದಳು.

“ಪಾಸ್‌ವರ್ಡ್ ಹೇಳಿ ಅಂಕಲ್.”

“ನಾನೇ ಹೊಡೀತೀನಿ.”

ಹೊಡೆದೆ. ಆಗಲಿಲ್ಲ.

“ಚುಕ್ಕಿ ಚುಕ್ಕಿ ಕಾಣ್ತಿದೆಯಲ್ಲ, ಇಲ್ಲಿ ಈ ಟಿಕ್ ತೆಗೆದ್ರೆ ಅಕ್ಷರಾನೇ ಕಾಣುತ್ತೆ. ತಪ್ಪು ಬಿದ್ದಿದ್ರೆ ಗೊತ್ತಾಗುತ್ತೆ,” ಎಂದು ಕೈ ಚಾಚಿದರು.

“ತಪ್ಪು ಬಿದ್ದಿಲ್ಲ,” ಎಂದು ನಾನು ಕೀಬೋರ್ಡಿಗೆ ಅಂಗೈ ಅಡ್ಡ ಇಟ್ಟೆ. ಹೆಂಡತಿ ನನ್ನನ್ನು ವಿಚಿತ್ರವಾಗಿ ನೋಡಿದಳು.

ಆಕೆ ಒತ್ತಾಯ ಮಾಡಲಿಲ್ಲ. ಪೆಟ್ಟಿಗೆಯ ಸೆಟ್ಟಿಂಗ್ ತೆರೆದುಕೊಡಿ ಎಂದರು. ಪಾಸ್‌ವರ್ಡ್ ಕೇಳುವುದಕ್ಕಿಂತ ಅದು ವಾಸಿ ಎಂದು ನನ್ನ ಫೋನಿನಲ್ಲಿ ತೆರೆದು ಕೊಟ್ಟೆ. ನಿಧಾನವಾಗಿ ಒಂದೊಂದೇ ಪುಟ ನೋಡುತ್ತಾ ಹೋದರು. ದಾಸ್ತಾನು ಪರೀಕ್ಷೆ ಮಾಡುವವರ ತಾಳ್ಮೆ.

“ಇಲ್ಲೊಂದು ಬ್ಲಾಕ್ ಆಗಿದೆ ಅಂಕಲ್. ಸ್ಟೋರ್ಸ್ ಏಳು ಅಂತ. ಯಾವ್ದು ಇದು?”

“ಯಾರೋ ಹೊರಗಿನವರು. ನಮ್ಮ ನೆಟ್ಟು ಕದ್ದು ಬಳಸ್ತಿದ್ರು.”

ಅವರು ಲ್ಯಾಪ್‌ಟಾಪಿನ ಕಡೆ ತಿರುಗಿ ಏನೋ ಎರಡು ಸಲ ಒತ್ತಿ, ತೆರೆದ ಕಿಟಕಿಯನ್ನು ಓದಿ, ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. “ಈ ಲ್ಯಾಪ್‌ಟಾಪಿನ ಹೆಸರೇ ಸ್ಟೋರ್ಸ್ ಏಳು ಅಂಕಲ್.”

ಥಿನ್ನರ್ ಹಾಕಿ ಒರೆಸಿದ ಹಳದಿ ಬಣ್ಣ ಆಗ ನೆನಪಾಯಿತು. ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ದುಡಿದು ಬಂದ ಲ್ಯಾಪ್‌ಟಾಪು ಅದು. ಸೋಮವಾರ ನಾನು ಬ್ಲಾಕ್ ಗುಂಡಿ ಒತ್ತಿದ ಕ್ಷಣಕ್ಕೇ ಒಳಕೋಣೆಯಲ್ಲಿ ಹೆಂಡತಿಯ ನೆಟ್ಟು ಹೋದದ್ದು ಯಾಕೆಂದು ಎರಡು ದಿನ ತಡವಾಗಿ ತಿಳಿಯಿತು. “ಕಳ್ಳರನ್ನ ಹೊರಗೆ ಹಾಕ್ತಿದೀನಿ ಅಂದಿದ್ರಿ,” ಎಂದಳು ಹೆಂಡತಿ. ಅಷ್ಟೇ ಅಂದಳು.

ಮಹಡಿಯವರು ಬ್ಲಾಕ್ ತೆಗೆದರು. ನಾನು ಮತ್ತೆ ಪಾಸ್‌ವರ್ಡ್ ಹೊಡೆದೆ. ಆಗಲೂ ಆಗಲಿಲ್ಲ. “ಇನ್ನೂ ಏನೋ ಇದೆ,” ಎಂದು ಆಕೆ ಮತ್ತೆ ಫೋನು ಹಿಡಿದರು. “ಸೆಕ್ಯುರಿಟಿ ಮೂರಲ್ಲಿ ಇಟ್ಟಿದೀರ. ಇದು ಹೊಸದು. ಇಷ್ಟು ಹಳೇ ಲ್ಯಾಪ್‌ಟಾಪಿಗೆ ಆ ಮೂರು ಅಂದ್ರೇನು ಅಂತಾನೇ ಗೊತ್ತಾಗಲ್ಲ. ಎರಡಕ್ಕೆ ಹಾಕಿದ್ರೆ ಸೇರ್ಕೊಳ್ಳುತ್ತೆ. ಎರಡೂ ಸೇಫೇ.” ಹೀಗೆ ಹೇಳುತ್ತಾ ಆ ಪುಟ ತೆರೆದರು.

ಆ ಪುಟದಲ್ಲಿ ಎರಡು, ಮೂರರ ಕೆಳಗೇ ಪಾಸ್‌ವರ್ಡನ್ನು ಚುಕ್ಕಿಯಿಲ್ಲದೆ ಬಿಡಿಸಿ ತೋರಿಸುತ್ತಾರೆ ಎಂಬುದು ನನಗೆ ಅವರ ಬೆರಳು ನಿಂತಾಗ ನೆನಪಾಯಿತು.

ಇಂಗ್ಲಿಷಿನಲ್ಲಿ ಬರೆದ ಕನ್ನಡ. ಅವರು ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ಮ, ಹ, ಡಿ... ಮಹಡಿ. ಕಲ್ಲಿ? ಕಳ್ಳಿ. ಮಹಡಿಕಳ್ಳಿ. ಇದೇನು ಅಂಕಲ್?”

ಜೀವನದಲ್ಲಿ ಅಷ್ಟು ವೇಗವಾಗಿ ನಾನು ಯೋಚಿಸಿದ್ದಿಲ್ಲ. “ಕಳ್ಳಿ ಗಿಡ,” ಎಂದೆ. “ಮುಳ್ಳು ಇರುತ್ತಲ್ಲ, ಅದು. ಮಹಡಿ ಮೇಲೆ ಕುಂಡದಲ್ಲಿ ಇತ್ತಲ್ಲ...”

“ಮಹಡಿ ಮೇಲೆ ಇರೋದು ತುಳಸಿ, ದೊಡ್ಡಪತ್ರೆ,” ಎಂದರು ಅವರು.

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ಪಕ್ಕದಲ್ಲೇ ನಿಂತಿದ್ದಳು. “ಗಿಡ ಅಲ್ಲ,” ಎಂದಳು. “ನಿಜ ಹೇಳಿ.”

ಹೇಳಿದೆ. ಲೇತಿನ ವಿಡಿಯೋ, ನಾಲ್ಕು ಗಂಟೆ, ಪಟ್ಟಿಯಲ್ಲಿ ಕಂಡ ಹೆಸರು, ಎಲ್ಲ. ಹೇಳುತ್ತಾ ಹೋದಂತೆ ನನ್ನ ತರ್ಕ ನನಗೇ ಪೊಳ್ಳಾಗಿ ಕೇಳಿತು.

ಅವರು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಫೋನನ್ನು ಮೇಜಿನ ಮೇಲಿಟ್ಟರು.

“ಸ್ಟೋರ್ಸ್ ಅಂದ್ರೆ ನಾನು ಅಂದ್ಕೊಂಡ್ರಿ,” ಎಂದರು. “ಫ್ಯಾಕ್ಟರೀಲೂ ಹಂಗೇ ಅಂಕಲ್. ಒಂದು ಬೋಲ್ಟ್ ಕಮ್ಮಿ ಬಂದ್ರೂ ಮೊದ್ಲು ಸ್ಟೋರ್ಸ್ ಕಡೆ ನೋಡ್ತಾರೆ. ದಿನಾ ಗೇಟಲ್ಲಿ ನನ್ನ ಬ್ಯಾಗು, ಟಿಫನ್ ಡಬ್ಬಿ ಬಿಚ್ಚಿ ನೋಡ್ತಾರೆ. ಹದಿನಾಲ್ಕು ವರ್ಷ ಆಯ್ತು. ಅಲ್ಲಿ ಅಭ್ಯಾಸ ಆಗಿದೆ.” ಆಮೇಲೆ ದನಿ ಏರಿಸದೆಯೇ ಹೇಳಿದರು, “ಇಲ್ಲೂ ನೋಡ್ತಿದಾರೆ ಅಂತ ಗೊತ್ತಿರ್ಲಿಲ್ಲ.”

 “ತಪ್ಪಾಯ್ತಮ್ಮ,” ಎಂದೆ. ಅದು ಎಷ್ಟು ಸಣ್ಣ ಮಾತು ಎಂದು ಹೇಳಿದ ಮೇಲೆ ಗೊತ್ತಾಯಿತು.

ಅವರು ಎದ್ದು ಹೋಗಲಿಲ್ಲ. ಫೋನು ಎತ್ತಿಕೊಂಡು ಮೂರನ್ನು ಎರಡು ಮಾಡಿದರು. “ಪಾಸ್‌ವರ್ಡ್ ಬದಲಾಯಿಸಿ, ಅವರೆದುರಿಗೇ,” ಎಂದಳು ಹೆಂಡತಿ. “ಒತ್ತಕ್ಷರ ಅಂತ ಹಾಕಿ.” ನಾನು ಹಾಕುವಾಗ ಮಹಡಿಯವರು ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು. ಬ್ಯಾಂಕಿನಲ್ಲಿ ಪಕ್ಕದವರು ಗುಟ್ಟಿನ ಸಂಖ್ಯೆ ಒತ್ತುವಾಗ ತಿರುಗಿಸಿಕೊಳ್ಳುತ್ತೇವಲ್ಲ, ಹಾಗೆ. ಲ್ಯಾಪ್‌ಟಾಪಿನಲ್ಲಿ ಹೊಸ ಪಾಸ್‌ವರ್ಡ್ ಹೊಡೆದೆ. ಕೂಡಲೇ ಸೇರಿಕೊಂಡಿತು. ಮೂರು ದಿನ ಅದಕ್ಕಾಗಿ ಒದ್ದಾಡಿದ್ದೆ, ಈಗ ಅದರ ಕಡೆ ನೋಡುವ ಮನಸ್ಸೂ ಇರಲಿಲ್ಲ.

“ನೀವೂ ಹಾಕ್ಕೊಳ್ಳಿ, ಬೇಕಾದಾಗ ಬಳಸಿ,” ಎಂದಳು ಹೆಂಡತಿ.

“ನಂಗೆ ಬೇಡ ಆಂಟಿ, ನಂದಿದೆ,” ಎಂದರು. ಹೊರಡುವಾಗ ಗೋಡೆಯ ಕಡೆ ನೋಡಿ ನಿಂತರು. ವೈಫೈ ಪೆಟ್ಟಿಗೆಗೆ ಹಲ್ಲಿ, ದೂಳು ತಾಗಬಾರದೆಂದು ನಾನು ಕೈಯಾರೆ ಒಂದು ಗೂಡು ಮಾಡಿ ಹಾಕಿದ್ದೆ. ಮೂರು ಕಡೆ ಕಬ್ಬಿಣದ ತಗಡು, ಮುಂದೆ ಜಾಲರಿ, ಅದಕ್ಕೊಂದು ಚಿಲಕ. “ಇದನ್ನ ಆ ಗೂಡಿಂದ ತೆಗೀರಿ ಅಂಕಲ್. ಕಬ್ಬಿಣದೊಳಗೆ ಇಟ್ರೆ ಸಿಗ್ನಲ್ ಹೆಂಗೆ ಹೊರಗೆ ಬರುತ್ತೆ?” ಎಂದು ಹೇಳಿ ಮೆಟ್ಟಿಲು ಹತ್ತಿದರು.

ಹೊರಗಿನ ಅಲೆಗಳು ನುಸುಳಬಾರದೆಂದು ಸಿಗ್ನಲ್ ತಂತಿಗಳಿಗೆ ಲೋಹದ ಕವಚ ಹಾಕಿ ಹಾಕಿ ಬೆರಳು ಸವೆಸಿಕೊಂಡವನು ನಾನು. ಆ ಗೂಡನ್ನು ಬೆಸುಗೆ ಹಾಕಿ, ಅಲ್ಯುಮಿನಿಯಂ ಪೇಂಟು ಬಳಿದು, ಬಂದವರಿಗೆಲ್ಲ ತೋರಿಸಿದ್ದೆ. ಸ್ಕ್ರೂ ಡ್ರೈವರ್ ತಂದು ಅದನ್ನು ಇಳಿಸಿದೆ. ಮರುದಿನ ನಾಲ್ಕಕ್ಕೆ ಒಳಗೆ ಪಾಠವೂ ಹೊರಗೆ ಲೇತೂ ಒಟ್ಟಿಗೆ ಓಡಿದವು. ಲೇತಿನ ಕಡೆ ನನಗೆ ಆಸಕ್ತಿ ಉಳಿದಿರಲಿಲ್ಲ.

ಆ ವಿಷಯ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದರೆ ಅದೂ ನನ್ನ ಅವಸರವೇ. ಎರಡು ದಿನ ಬಿಟ್ಟು, ಅವರು ಕೆಲಸದಿಂದ ಬರುವುದನ್ನೇ ಕಾದು ಗೇಟಿನ ಬಳಿ ನಿಂತೆ. ಹೇಳಬೇಕೆಂದು ನಾಲ್ಕು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಎರಡನೆಯ ವಾಕ್ಯಕ್ಕೆ ಅವರು “ಆಯ್ತು ಬಿಡಿ ಅಂಕಲ್, ಸುಸ್ತಾಗಿದೆ” ಎಂದು ಮೇಲೆ ಹೋದರು. ಊಟ ಆಯ್ತಾ ಎಂದು ಕೇಳುವುದೂ ನಿಂತಿತು. ಮನೆ ಬಿಟ್ಟುಬಿಡುತ್ತಾರೇನೋ ಎಂದು ನಾನು ದಿನಾ ಅಂಜುತ್ತಿದ್ದೆ. ಬಿಡಲಿಲ್ಲ. ಹೆಂಡತಿಯ ಜೊತೆ ಮಾತ್ರ ಮೊದಲಿಗಿಂತ ಹತ್ತಿರವಾದರು. ಮೆಟ್ಟಿಲ ಮೇಲೆ ಇಬ್ಬರೂ ಕೂತು ನಗುವುದು ಕೇಳಿದರೆ, ನನ್ನ ಬಗ್ಗೆಯೇ ಎಂದು ಖಚಿತವಾಗಿ ನಂಬಿ ಹಿತ್ತಲ ಕಡೆ ಹೋಗುತ್ತಿದ್ದೆ. ಹೆಂಡತಿಯಂತೂ ನನಗೆ ಪೂರ್ತಿ ಒಂದು ವಾರ ತಿಂಡಿ ಕೊಟ್ಟಳು, ಮಾತು ಕೊಡಲಿಲ್ಲ.

ಒತ್ತಕ್ಷರ ಮುಗಿದು, ಸಣ್ಣ ಸಣ್ಣ ವಾಕ್ಯಗಳು ಶುರುವಾದವು. ಒಂದು ಸಂಜೆ ಒಳಗಿನಿಂದ ಬೇರೆಯೇ ಓದು ಕೇಳಿಸಿತು. ರಿಪೇರಿಯವನ ಹೆಂಡತಿ ತನ್ನ ಮನೆಪತ್ರ ಹಿಡಿದು ಓದುತ್ತಿದ್ದಳು. ‘ಚಕ್ಕುಬಂದಿ’ ಎಂಬಲ್ಲಿ ತಡವರಿಸಿದಳು, ಹಿಂದೆ ಹೋಗಿ ಮತ್ತೆ ಓದಿದಳು. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಚರಂಡಿ. ಅರ್ಧ ಪುಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.  ನಾನು ಬಾಗಿಲ ಹೊರಗೆ ನಿಂತು ಕೇಳಿದೆ. ಒಳಗೆ ಹೋಗುವ ಧೈರ್ಯವಿರಲಿಲ್ಲ.

ಬೇಸಿಗೆ ಬಂತು. ಒಂದು ಭಾನುವಾರ ಮಧ್ಯಾಹ್ನ ಮಹಡಿಯವರು ಕೆಳಗೆ ಬಂದು ಬಾಗಿಲಲ್ಲೇ ನಿಂತರು.

“ಅಂಕಲ್, ಫ್ಯಾನು ತಿರುಗ್ತಿಲ್ಲ. ಗುಂಯ್ ಅಂತಿದೆ ಅಷ್ಟೇ. ಎಲೆಕ್ಟ್ರಿಷಿಯನ್ ಫೋನ್ ಎತ್ತಲ್ಲ. ಸ್ವಲ್ಪ ನೋಡ್ತೀರಾ?”

ಚಪ್ಪಲಿ ಮರೆತು ಬರಿಗಾಲಲ್ಲೇ ಹೋದೆ. ಅವರು ಬಾಡಿಗೆಗೆ ಬಂದ ಮೇಲೆ ನಾನು ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಸಾಮಾನು ಬಹಳ ಕಡಿಮೆ, ಇದ್ದದ್ದೆಲ್ಲ ಅದರದರ ಜಾಗದಲ್ಲಿ. ಅಡುಗೆಮನೆಯ ಡಬ್ಬಿಗಳಿಗೆ ಒಂದೇ ಅಳತೆಯ ಚೀಟಿ ಅಂಟಿಸಿದ್ದರು. ಏಣಿ ಹತ್ತಿ ನೋಡಿದೆ. ಕೆಪಾಸಿಟರ್ ಹೋಗಿತ್ತು. ನನ್ನ ಹಳೆಯ ಪೆಟ್ಟಿಗೆಯಲ್ಲಿ ಒಂದಿತ್ತು, ತಂದು ಹಾಕಿದೆ. ಹಾಕುವ ಮೊದಲು ಅವರಿಗೇ ಮೇನ್ ಸ್ವಿಚ್ಚು ಆರಿಸಲು ಹೇಳಿ, ಆರಿದೆಯೆಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಫ್ಯಾನು ತಿರುಗಿತು. ಒಂದು ರೆಕ್ಕೆ ಸ್ವಲ್ಪ ಬಾಗಿದೆ, ಅದನ್ನೂ ಸರಿಮಾಡಿಬಿಡಲೇ ಎಂದು ನಾಲಿಗೆ ತುದಿಯ ತನಕ ಬಂದದ್ದನ್ನು ನುಂಗಿಕೊಂಡು ಏಣಿ ಇಳಿದೆ.

“ಕಾಫಿ ಮಾಡ್ತೀನಿ, ಕೂತ್ಕೊಳ್ಳಿ,” ಎಂದರು.

ಕೂತೆ. ಫ್ಯಾನಿನ ಗಾಳಿಗೆ ಗೋಡೆಯ ಕ್ಯಾಲೆಂಡರು ಪಟಪಟ ಬಡಿದುಕೊಳ್ಳುತ್ತಿತ್ತು. ಕಾಫಿ ಬಂತು. ಡಾಕ್ಟರು ನನಗೆ ಸಕ್ಕರೆ ಬಿಡಿಸಿದ್ದು ಅವರಿಗೆ ಗೊತ್ತಿರಲಿಲ್ಲ, ಧಾರಾಳವಾಗಿ ಹಾಕಿದ್ದರು. ನಾನೂ ಹೇಳಲಿಲ್ಲ. ಅವರು ಎದುರು ಕೂತು, ಬರುವ ತಿಂಗಳು ಫ್ಯಾಕ್ಟರಿಯಲ್ಲಿ ಸ್ಟಾಕ್ ತಪಾಸಣೆ ಇದೆ, ಈ ಸಲ ಹೊಸ ಆಡಿಟರು ಬರುತ್ತಾರಂತೆ ಎಂದು ಹೇಳತೊಡಗಿದರು. ನಾನು ಲೋಟವನ್ನು ತಳದ ತನಕ ಖಾಲಿ ಮಾಡುತ್ತಾ ಕೇಳುತ್ತಾ ಕೂತೆ.